ಫೈಲ್ ಮಾಡಿಸದ ಅಂಕಲ್

ಮೊನ್ನೆ ಬನಶಂಕರಿಯಲ್ಲಿ ಹೂವು ಕೊಳ್ಳುವಾಗ ಹೂವಿನಾಕೆ ಒಂದು ಮೊಳ ಕಾಕಡದ ಜೊತೆ ಎರಡು ಕಡ್ಡಿ ದವನವನ್ನೂ ಸೇರಿಸಿ ಕೊಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ದವನದ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೇ? ನಾನಾಗುತ್ತೇನೆ. ಅಂಗಿಯ ಜೇಬಿನಲ್ಲಿ ದವನ ಇಟ್ಟುಕೊಂಡು ತಿಂಗಳಿಗೊಮ್ಮೆ ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದ ಇಟ್ಟಮಡುವಿನ ಅಂಕಲ್ ನೆನಪಾಗುತ್ತಾರೆ...

ನಾನು ಆ ಕ್ಲಿನಿಕ್ಕಿನಲ್ಲಿ ನರ್ಸ್. ಅಂಕಲ್ ಪೇಷೆಂಟ್ ಅಲ್ಲ. ಶುಗರ್ ಇದ್ದ ಹೆಂಡತಿಯ ಜೊತೆಗೆ ಬರುತ್ತಿದ್ದವರು. ಒಂದು ಕಾಲಕ್ಕೆ ಇಟ್ಟಮಡುವಿನಲ್ಲೇ ಹೂವು, ಸೊಪ್ಪು ಬೆಳೆಯುತ್ತಿದ್ದ ಮನೆತನ. ಈಗ ಅದೇ ಜಾಗದಲ್ಲಿ ನಾಲ್ಕು ಬಾಡಿಗೆ ಮನೆ. ಬೆಂಚಿನ ಮೇಲೆ ಕುಳಿತರೆಂದರೆ ಇಡೀ ಕ್ಲಿನಿಕ್ ಅವರದೇ. ಯಾರ ಟೋಕನ್ ಎಷ್ಟು, ಯಾರು ಸಾಲು ತಪ್ಪಿಸಿ ಒಳಗೆ ನುಗ್ಗಿದರು, ಫ್ಯಾನ್ ಯಾಕೆ ಕಿರುಗುಟ್ಟುತ್ತದೆ, ಎಲ್ಲಕ್ಕೂ ಅವರದೊಂದು ಮಾತು. ನಾನು ಹಲ್ಲು ಕಚ್ಚಿಕೊಂಡು ಬಿ.ಪಿ. ನೋಡುತ್ತಿದ್ದೆ.

ನಮ್ಮ ಡಾಕ್ಟರದ್ದು ಒಂದು ಕಟ್ಟಪ್ಪಣೆ. ಅರವತ್ತೈದು ದಾಟಿದವರು ಮಂಡಿನೋವಿಗೇ ಬರಲಿ, ಬಿ.ಪಿ. ಮಾತ್ರೆಗೇ ಬರಲಿ, ಫೈಲ್ ತೆಗೆದ ಕೂಡಲೇ ನ್ಯುಮೋನಿಯಾ ಲಸಿಕೆ ಆಗಿದೆಯೇ ಎಂದು ಕೇಳಬೇಕು. ಆಗಿಲ್ಲದಿದ್ದರೆ ಅವತ್ತೇ ಹಾಕಬೇಕು. "ನಾಳೆ ಬರ್ತೀನಿ ಅಂದವ್ರು ಯಾವತ್ತೂ ಬರಲ್ಲ" ಎನ್ನುತ್ತಿದ್ದರು. ಹೇಳುವುದು ಸುಲಭ, ಕೇಳುವವಳು ನಾನು. ಒಬ್ಬರಿಗೆ ಅಮಾವಾಸ್ಯೆ ಅಡ್ಡ, ಇನ್ನೊಬ್ಬರು ಸೊಸೆಯನ್ನು ಕೇಳಬೇಕು, ಮತ್ತೊಬ್ಬರಿಗೆ ಕೊರೊನಾ ಇಂಜೆಕ್ಷನ್ನೇ ಜನ್ಮಕ್ಕೆ ಸಾಕಾಗಿದೆ.

ಅಂಕಲ್ ಹೆಂಡತಿ, ಆಂಟಿಯೂ ಬೇಡವೆಂದರು. ಆಗ ಗದರಿದವರು ಅಂಕಲ್ಲೇ. "ಸುಮ್ನೆ ಹಾಕಿಸ್ಕೊಳೇ. ನೀನು ಮಲ್ಕೊಂಡ್ರೆ ನಂಗೆ ಮುದ್ದೆ ಮಾಡಿ ಹಾಕೋರ್ಯಾರು?" ಎಂದು ತಾವೇ ಅವರ ತೋಳು ಹಿಡಿದು ಕುಳಿತರು. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ತಿಂಗಳುಗಳಲ್ಲಿ ತಮ್ಮ ಬೀದಿಯ ಮೂರು ನಾಲ್ಕು ಮುದುಕರನ್ನು ಒಬ್ಬೊಬ್ಬರಾಗಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಹಾಕಿಸಿದರು.

ಎಪ್ಪತ್ತು ದಾಟಿದ, ಬೀಡಿ ಬಿಟ್ಟರೂ ಕೆಮ್ಮು ಬಿಡದ ಆ ಮನುಷ್ಯನನ್ನು ಮಾತ್ರ ನಾವು ಯಾರೂ ಕೇಳಲಿಲ್ಲ. ಕೇಳಬೇಕಾದ್ದು ಫೈಲ್ ತೆಗೆದಾಗ. ಜೊತೆಗೆ ಬಂದವರಿಗೆ ಫೈಲ್ ಎಲ್ಲಿಂದ ಬರಬೇಕು?

ಒಂದು ಡಿಸೆಂಬರಿನಲ್ಲಿ ಅವರ ಕೆಮ್ಮು ಕೇಳಲಾರದೆ ನಾನೇ ಬಾಯಿಬಿಟ್ಟೆ. "ಅಂಕಲ್, ನೀವೂ ಹಾಕಿಸ್ಕೊಳ್ಳಿ. ಒಂದು ಫೈಲ್ ಮಾಡಿಸ್ಬಿಡಿ, ಡಾಕ್ಟ್ರು ನೋಡಿ ಬರ್ಕೊಡ್ತಾರೆ."

"ಇಂಜೆಕ್ಷನ್ ಬೇಕಾದ್ರೆ ಚುಚ್ಚಮ್ಮ. ಫೈಲು ಗೀಲು ಬೇಡ. ನಮ್ಮಪ್ಪ ಆಸ್ಪತ್ರೇಲಿ ಹೆಸರು ಬರೆಸ್ದೋನು ವಾಪಸ್ ಬರ್ಲಿಲ್ಲ. ಹೆಸರು ಬರೆಸೋದಂದ್ರೆ ಕಾಯಿಲೆಗೆ ಅಡ್ರೆಸ್ ಕೊಟ್ಟಂಗೆ."

"ಫೈಲ್ ಇಲ್ದೆ ಆಗಲ್ಲ ಅಂಕಲ್."

"ಹಂಗಾದ್ರೆ ಬಿಡು."

ಬಿಟ್ಟೆ. ಎದ್ದು ನಾಲ್ಕು ಹೆಜ್ಜೆ ನಡೆದು ಹೇಳಿದ್ದರೆ ಡಾಕ್ಟರೇ ಹೊರಗೆ ಬಂದು, ನೋಡಿ, ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಆದರೆ ಬೆಂಚು ತುಂಬಾ ಜನ, ನನಗೂ ತಲೆ ಚಿಟ್ಟುಹಿಡಿದಿತ್ತು. ಊರಿಗೆಲ್ಲ ಬುದ್ಧಿ ಹೇಳುವ ಈ ಮೊಂಡನಿಗೋಸ್ಕರ ಯಾರು ಏಳುತ್ತಾರೆ ಎಂದುಕೊಂಡು ಮುಂದಿನ ಟೋಕನ್ ಕೂಗಿದೆ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ನ್ಯುಮೋನಿಯಾ ಬಂತು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಹೆಸರು ಬರೆಸಲೇಬೇಕಾಯಿತು, ಫೈಲೂ ಆಯಿತು. ಒಂಬತ್ತು ದಿನಕ್ಕೆ ಅದು ಕೈಯಲ್ಲಿ ಹಿಡಿಯಲಾರದಷ್ಟು ದಪ್ಪವಾಗಿತ್ತಂತೆ. ಹತ್ತನೆಯ ದಿನ ಹೋಗಿಬಿಟ್ಟರು... ಲಸಿಕೆ ಹಾಕಿದ್ದರೆ ಉಳಿಯುತ್ತಿದ್ದರು ಎಂದು ಖಡಾಖಂಡಿತವಾಗಿ ಹೇಳಲಾಗದು ಎಂದರು ನಮ್ಮ ಡಾಕ್ಟರ್. ಆ ಮಾತಿನಿಂದ ನನಗೇನೂ ಸಮಾಧಾನವಾಗಲಿಲ್ಲ. ಅಂಕಲ್ ಮೇಲೆ ಸಿಟ್ಟು, ಆ ಹಾಳು ಫೈಲಿನ ಮೇಲೆ ಸಿಟ್ಟು, ಏಳದೆ ಕುಳಿತ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು.

ಈಗ ಜೊತೆಗೆ ಬಂದವರನ್ನೇ ಮೊದಲು ಕೇಳುತ್ತೇನೆ. "ನಾನು ಪೇಷೆಂಟ್ ಅಲ್ಲಮ್ಮ, ಬಲವಂತ ಏನು ನಿಂದು?" ಎಂದು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಫೈಲ್ ಬೇಡವೆಂದರೆ ಡಾಕ್ಟರನ್ನೇ ಬೆಂಚಿನ ಹತ್ತಿರ ಕರೆತರುತ್ತೇನೆ.

ಆಂಟಿ ಈಗ ಒಬ್ಬರೇ ಆಟೋದಲ್ಲಿ ಬರುತ್ತಾರೆ. ಕಳೆದ ವಾರ ಅವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ, ಇಷ್ಟು ದಿನ ಗಂಟಲಲ್ಲೇ ಇದ್ದದ್ದನ್ನು ಹೇಳಿಬಿಟ್ಟೆ. "ಅವತ್ತು ಅಂಕಲ್‌ಗೆ ನಾನು ಇನ್ನೂ ಸ್ವಲ್ಪ ಒತ್ತಾಯ ಮಾಡ್ಬೇಕಿತ್ತು ಆಂಟಿ."

ಆಂಟಿ ಪಟ್ಟಿ ಸುತ್ತಿದ ತಮ್ಮ ತೋಳನ್ನು ನೋಡಿಕೊಂಡರು.

"ಮನೇಗ್ ಬಂದು ಅವ್ರು ಅಂದ್ರಮ್ಮ... ಅಂಗಿ ತೋಳು ಮೇಲಕ್ಕೆ ಮಡಚ್ಕೊಂಡೇ ಕೂತಿದ್ದೆ, ಆ ಹುಡುಗಿ ಇನ್ನೊಂದ್ಸಲ ಕೇಳಿದ್ರೆ ಹೆಸರು ಬರೆಸ್ಬಿಡ್ತಿದ್ದೆ ಅಂತ."

ಅವತ್ತು ಆಂಟಿಯ ಬಿ.ಪಿ.ಯನ್ನು ನಾನು ಎರಡು ಸಲ ನೋಡಬೇಕಾಯಿತು. ಮೊದಲನೆಯ ಸಲ ಅಂಕಿಗಳು ಕಣ್ಣಿಗೆ ಕಾಣಲಿಲ್ಲ.