ಪಂಚಮಿಗೆ ಕರೆಯದ ಅತ್ತೆ

ನನ್ನ ಸೋದರತ್ತೆಯ ಅಂಗೈ ಕೆಂಪಗೆ, ಬಿರುಸಾಗಿತ್ತು. ಕುದಿಯುವ ಬೆಲ್ಲದ ಪಾಕಕ್ಕೆ ಹುರಿದ ಶೇಂಗಾ ಬಿದ್ದೊಡನೆ, ಉಳಿದ ಹೆಂಗಸರು ಕೈಗೆ ನೀರು ಸವರಿಕೊಂಡು ಹಾ ಹೂ ಎನ್ನುತ್ತಿದ್ದರೆ, ಅವಳು ಒಣಗೈಯನ್ನೇ ಇಳಿಸಿ ಉಂಡಿ ಕಟ್ಟಿ ತಾಟಿಗೆ ಉರುಳಿಸುತ್ತಿದ್ದಳು. ತುಪ್ಪ ಕಮಟು ಹಿಡಿದಿದ್ದರೂ ಸರಿ, ಎದುರಿನವರ ಮಾತು ಸುಳ್ಳಾಗಿದ್ದರೂ ಸರಿ, ಮೂಗು ಮುರಿದು "ಥೂ, ಹೇಸಿ" ಎನ್ನುವಳು. ಎರಡೂ ಅವಳಿಗೆ ಒಂದೇ ಥರ ನಾರುತ್ತಿದ್ದವು.

ನಮ್ಮದು ಮೂಡಲಗಿ, ಅವಳನ್ನು ಕೊಟ್ಟದ್ದು ಯಮಕನಮರಡಿಗೆ. ಅವಳು ಅಪ್ಪನ ಅಕ್ಕ. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಬೆಳೆಸಿದವಳು. ನಾಗರ ಪಂಚಮಿ ಬಂತೆಂದರೆ ಅಪ್ಪ ತಾನೇ ಚಕ್ಕಡಿ ಹೂಡಿ, ದಾರಿಯಲ್ಲಿ ಗೋಕಾಕದಲ್ಲಿ ತಂಗಿ, ಅವಳನ್ನು ಕರೆತರುತ್ತಿದ್ದ. ರೊಟ್ಟಿ ಪಂಚಮಿಯ ದಿನ ಓಣಿಗೆಲ್ಲ ರೊಟ್ಟಿ, ಪಲ್ಯ ಹಂಚಿ ಬಂದು, ಮರುದಿನ ಹಿತ್ತಲಿನ ನಾಗರಕಲ್ಲಿಗೆ ಹಾಲೆರೆಯಲು ಮೊದಲು ಕೂರುವವಳು ಅವಳೇ. ಕೊಬ್ಬರಿ ಬಟ್ಟಲಿನಿಂದ ಎರೆಯುತ್ತ, "ಅಪ್ಪನ ಪಾಲ, ಅವ್ವನ ಪಾಲ, ತಮ್ಮನ ಪಾಲ" ಎಂದು ಸತ್ತವರು, ಇದ್ದವರು ಎಲ್ಲರನ್ನೂ ಕರೆಯುವಳು. ಆಮೇಲೆ ಅಲ್ಲೇ ಬೇವಿನ ಮರದ ಜೋಕಾಲಿ. ಆ ವಯಸ್ಸಿನಲ್ಲಿಯೂ ಅವಳು ಜೀಕಿದರೆ ಟೊಂಗೆ ಕಿರುಗುಟ್ಟುತ್ತಿತ್ತು.

ಅಪ್ಪನಿಗೆ ಬೆಲ್ಲದ ವ್ಯಾಪಾರ ಕೈಹಿಡಿಯಿತು. ಹಬ್ಬ ಕೆಟ್ಟದ್ದು ಅಲ್ಲಿಂದ. ಜೋಕಾಲಿ ಬಿಚ್ಚಿಸಿ ಅದೇ ನೆರಳಿಗೆ ಕುರ್ಚಿ ಹಾಕಿಸಿದ. ಗ್ರಾಮಫೋನು ಬಂತು. ದಲಾಲರು, ಸಾಹೇಬರು ಊಟಕ್ಕೆ ಬರತೊಡಗಿದರು. ಹೆಣ್ಣುಮಕ್ಕಳ ಹಬ್ಬದಲ್ಲಿ ಹೆಣ್ಣುಮಕ್ಕಳೇ ಒಲೆಯ ಮುಂದೆ ಕೂತೆವು. ಆ ಮಂದಿಯ ಎದುರು ಅಪ್ಪ ಬೆನ್ನು ಬಗ್ಗಿಸಿ ಹಲ್ಲು ಕಿರಿಯುತ್ತಿದ್ದ.

ಒಂದು ಚಳಿಗಾಲದಲ್ಲಿ ಅತ್ತೆಯ ಗಂಡ ತೀರಿಕೊಂಡ. ಮುಂದಿನ ಪಂಚಮಿಗೆ ಚಕ್ಕಡಿ ಹೊರಡಲಿಲ್ಲ. ಆಳಿನ ಕೈಯಲ್ಲಿ ಒಂದು ಸೀರೆ, ಪೇಟೆಯ ಉಂಡಿಯ ಡಬ್ಬಿ ಹೋದವು.

"ಕುಂಕುಮ ಅಳಿಸಿದಾಕಿ ಮೊದಲ ಹಾಲು ಎರದ್ರ ಬಂದ ಮಂದಿ ಏನಂತಾರ?" ಎಂದ ಅಪ್ಪ.

"ಕೊರಳಾಗ ಲಿಂಗ ಇದ್ದಾವರಿಗೆ ಎಲ್ಲೀ ಮೈಲಿಗಿ? ನಮ್ಮೊಳಗ ಇದೆಲ್ಲಾ ಯಾವಾಗ ಬಂತರಿ?" ಎಂದು ಅವ್ವ ಕೇಳಿದಳು.

"ಈಗ ಬಂತು."

ಹಬ್ಬದ ದಿನ ಸಾಹೇಬರು ಕುರ್ಚಿಯಲ್ಲಿ ಕೂತಿದ್ದಾಗಲೇ ಬಾಡಿಗೆ ಚಕ್ಕಡಿಯೊಂದು ಬಾಗಿಲಿಗೆ ಬಂದು ನಿಂತಿತು. ಅತ್ತೆ ಆ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದಳು. ಯಾರನ್ನೂ ಮಾತನಾಡಿಸದೆ ಹಿತ್ತಲಿಗೆ ನಡೆದು, ಕಲ್ಲಿನ ಮುಂದೆ ಕೂತು, ಪ್ರತಿ ವರ್ಷದಂತೆ ಎಲ್ಲರ ಪಾಲನ್ನೂ ಎರೆದಳು. ತಮ್ಮನ ಪಾಲನ್ನೂ ಬಿಡಲಿಲ್ಲ.

ಅವಳು ಏಳುತ್ತಲೇ ಅಪ್ಪ ಕೊಟ್ಟಿಗೆಯಿಂದ ಒಂದು ತಂಬಿಗೆ ಗೋಮೂತ್ರ ತಂದು, ಎಲ್ಲರೂ ನೋಡುತ್ತಿರುವಂತೆ, ಆ ಹಸಿ ಹಾಲಿನ ಮೇಲೆಯೇ ಹೊಯ್ದ. ಕುರ್ಚಿಯಲ್ಲಿದ್ದವನೊಬ್ಬ ಮೆಚ್ಚಿ ತಲೆದೂಗಿದ.

ಅತ್ತೆ ಅಳಲಿಲ್ಲ. ಡಬ್ಬಿಯನ್ನು ಅಪ್ಪನ ಕಾಲ ಬಳಿ ಇಟ್ಟಳು.

"ನಾ ಮುಟ್ಟಿದ ಕಲ್ಲು ತೊಳದಿ, ಛಲೋ ಆತು. ನಿನ್ನ ಹೇಲು ಉಚ್ಚಿ ಬಳದು ದೊಡ್ಡಾಂವನ್ನ ಮಾಡಿದ್ದೂ ಇದೇ ಕೈ. ಉಳದದ್ದು ನಿನ್ನ ಮೈಮ್ಯಾಲ ಸುರಕೋ ತಮ್ಮಾ."

ಒಂದು ಗುಟುಕು ನೀರೂ ಕುಡಿಯದೆ ಅದೇ ಚಕ್ಕಡಿಯಲ್ಲಿ ತಿರುಗಿ ಹೋದಳು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಂದು ಹೋಳಿಗೆಯ ಊಟ ಮಾತ್ರ ಸಾಂಗವಾಗಿ ನಡೆಯಿತು. ಅಪ್ಪ ಎರಡನೆಯ ಸಲ ತುಪ್ಪ ಹಾಕಿಸಿಕೊಂಡ.

ನನ್ನನ್ನು ಸಂಕೇಶ್ವರಕ್ಕೆ ಕೊಟ್ಟರು. ಪಂಚಮಿಗೆ ನಾನು ತವರಿಗೆ ಹೋಗದೆ ಯಮಕನಮರಡಿಗೆ, ಸೋದರತ್ತೆಯ ಮನೆಗೆ ಹೋಗತೊಡಗಿದೆ. ಕೆಲವು ವರ್ಷಗಳಲ್ಲಿ ನನ್ನ ಗಂಡನೂ ಜ್ವರದಲ್ಲಿ ಹೋದರು. ಕೋಣೆಯ ಮೂಲೆ ಬಿಟ್ಟು ಏಳದೆ ಕೂತವಳ ಮುಂದೆ, ಶ್ರಾವಣದ ಮಳೆಯಲ್ಲಿ ನೆನೆದುಕೊಂಡು, ಆ ಮುದುಕಿ ಬಂದು ನಿಂತಳು.

"ಏಳ, ಪಂಚಮಿ ಬಂತು."

"ಅತ್ತೀ, ನಾ ಇನ್ನ ಹ್ಯಾಂಗ ಬರಲಿ?"

"ಹ್ಯಾಂಗ ಅಂದ್ರ? ಕಾಲಿಲ್ಲೇನು ನಿನಗ?"

ಅವಳ ಅಂಗಳದಲ್ಲಿ, ಓಣಿಯ ಹೆಂಗಸರೆಲ್ಲ ಕಣ್ಣು ಬಿಟ್ಟು ನೋಡುತ್ತಿರುವಾಗ, ಮೊದಲ ಹಾಲು ನನ್ನಿಂದಲೇ ಎರೆಸಿದಳು. ನಾನು ಮತ್ತೆ ಮನುಷ್ಯಳಾದದ್ದು ಅಂದು.

ಅವಳು ತೀರಿಕೊಂಡಾಗ ಅಪ್ಪ ಮೋಟಾರಿನಲ್ಲಿ ಬಂದು ಊರು ಕೇಳುವಂತೆ ಅತ್ತ. ನಾನು ಆ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಮೂಡಲಗಿಯ ಮನೆ ನನ್ನ ತಮ್ಮನದು. ಅವನು ಸುಧಾರಣೆಯ ಭಾಷಣ ಮಾಡುತ್ತಾನೆ. ಹೋದ ಪಂಚಮಿಗೆ ಕರೆಯಲು ಬಂದಿದ್ದ.

"ಅಕ್ಕಾ, ಅದೆಲ್ಲಾ ಬಿಟ್ಟೇವಿ. ಈಗ ನಮ್ಮ ಮನ್ಯಾಗ ಯಾರ ಬೇಕಾದ್ರೂ ಹಾಲು ಎರೀಬಹುದು. ಬಾ."

"ಅಪ್ಪ ಅತ್ತೀಗೆ ಮಾಡಿದ್ದು ತಪ್ಪಾತು ಅಂತ ನಾಕು ಮಂದ್ಯಾಗ ಅಂದೀಯೇನು?"

"ಸತ್ತಾವರ ಮಾತು ಈಗ್ಯಾಕ? ಮನಿ ಮರ್ಯಾದಿ ನೋಡಬೇಕಲ್ಲಾ" ಎಂದ.

ಅವನ ಮೋಟಾರನ್ನು ಬರಿದಾಗಿಯೇ ಕಳಿಸಿದೆ. ಹೋಗಲು ನನಗೊಂದು ತವರಿತ್ತು. ಅದನ್ನು ಯಮಕನಮರಡಿಯ ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದೇನೆ.