ಕವಂದಿಯ ಹೊಟ್ಟೆಗೆ ಕೈ ಹಾಕಿದ್ದು

ಕೊರೊನಾ ಮುಗಿದ ಮರುವರ್ಷ. ನಾನಾಗ ಮ್ಯೂಸಿಯಾಲಜಿ ಎಂ.ಎ. ವಿಭಾಗದಲ್ಲಿ ಪಾಠ ಮಾಡುತ್ತಿದ್ದೆ; ನಿವೃತ್ತಿಗೆ ಎರಡೇ ವರ್ಷ ಬಾಕಿ ಇತ್ತು. ಮ್ಯೂಸಿಯಾಲಜಿ ಎಂದರೆ ವಸ್ತುಸಂಗ್ರಹಾಲಯ ನಡೆಸುವ ವಿದ್ಯೆ. ವಸ್ತುಗಳನ್ನು ಕೂಡಿಸುವುದು, ಕೆಡದಂತೆ ಕಾಯುವುದು, ನೋಡುವವರಿಗೆ ತಿಳಿಯುವಂತೆ ಜೋಡಿಸಿಡುವುದು ಎಲ್ಲ ಅದರಲ್ಲಿ ಬರುತ್ತದೆ. ಕಾಯುವ ಕೆಲಸ, ಅಂದರೆ ಕನ್ಸರ್ವೇಶನ್, ನನ್ನ ಪಾಲಿನದು. ಧೂಳು, ತೇವ, ಹುಳು ಎಂದರೆ ನನಗೆ ಹುಟ್ಟಾ ವೈರ. ಮೇಡಂ ಮನೆಯಲ್ಲಿ ಗ್ಲೌಸ್ ಹಾಕಿಕೊಂಡೇ ಊಟ ಮಾಡುತ್ತಾರಂತೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಹೆಮ್ಮೆ ಪಟ್ಟಿದ್ದೆ.

ಆ ಸಲ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆಂದು ದಾಂಡೇಲಿಯ ಬಂಗೂರನಗರದಲ್ಲಿ ಒಂದು ಹಾಲ್ ಹಿಡಿದು ಎಂಟು ದಿನದ ಪ್ರದರ್ಶನ ಇಟ್ಟೆವು. ವಿಷಯ, ಆ ಕಡೆಯ ಸಿದ್ದಿ ಬುಡಕಟ್ಟಿನ ಹೆಣ್ಣುಮಕ್ಕಳು ಹೊಲಿಯುವ ಕವಂದಿ. ಹಳೆಯ ಸೀರೆ, ಲುಂಗಿಗಳ ತುಂಡು ಕೂಡಿಸಿ ಹೊಲಿದ ಹೊದಿಕೆ ಅದು. ನಾವು ಕೌದಿ ಅನ್ನುತ್ತೇವೆ. ಸಿದ್ದಿಯರ ಹೊಲಿಗೆ ಅಂಚಿನಿಂದ ಹೊರಟು ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಬಟ್ಟೆಯ ಹೂವು ಬೇಕೇ ಬೇಕು.

ಹಳಿಯಾಳ ತಾಲೂಕಿನ ಹಳ್ಳಿಯೊಂದರಲ್ಲಿ ಮಾರಿಯಾಬಾಯಿ ಎಂಬ ಅಜ್ಜಿಯ ಬಳಿ ಪುಟ್ಟದೊಂದು ಕವಂದಿ ಸಿಕ್ಕಿತು. ಮೊಮ್ಮಗಳು ಲೂಸಿ ಆಗ ಎಂಟು ತಿಂಗಳ ಬಸುರಿ. ಹುಟ್ಟಲಿರುವ ಕೂಸಿಗೆಂದು ಹೊಲಿದದ್ದು. ಅಜ್ಜಿಯ ಕಣ್ಣು ಮಂಜಾಗಿ ಹೋಗಿತ್ತು.

"ಇದ ಕಡೀದ್ರಿ ಅಕ್ಕಾರ. ಇನ್ನ ನನ್ನ ಕೈಲೆ ಆಗೂದಿಲ್ಲ. ಕೂಸು ಹುಟ್ಟೂದ್ರಾಗ ತಿರುಗಿ ಕೊಡ್ರಿ," ಎಂದು ಹೇಳಿ ಕೊಟ್ಟರು. ಎಂಟು ದಿನ ಮುಗಿಯುತ್ತಲೇ ಕೊಡುವುದಾಗಿ ಮಾತು ಕೊಟ್ಟೆ.

ಪ್ರದರ್ಶನಕ್ಕೆ ಮೊದಲು ಪ್ರತಿ ವಸ್ತುವಿಗೂ ಕಂಡೀಶನ್ ರಿಪೋರ್ಟ್ ಬರೆಯಬೇಕು. ವಸ್ತು ನಮ್ಮ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತು ಎಂಬ ವಿವರ ಅದರಲ್ಲಿರುತ್ತದೆ. ಈ ಕವಂದಿಯನ್ನು ನೋಡುತ್ತಿದ್ದವಳು ಶ್ರುತಿ, ದಾಂಡೇಲಿಯ ಹುಡುಗಿ, ನನ್ನ ವಿದ್ಯಾರ್ಥಿನಿಯರಲ್ಲೇ ಚೊಕ್ಕ ಕೈಯವಳು. ನಟ್ಟನಡುವೆ ಏನೋ ಹರಳು ಹರಳಾಗಿ ಕೈಗೆ ಹತ್ತುತ್ತದೆ ಎಂದು ಕರೆದಳು. ಲೆನ್ಸ್ ಹಿಡಿದು ನೋಡಿದರೆ ಹೊಲಿಗೆಯ ಸಂದಿಯಿಂದ ಕರಿ ನುಸಿಯೊಂದು ಹೊರಗೆ ಬರುತ್ತಿತ್ತು. ಒಳಗಿದ್ದದ್ದು ಅಕ್ಕಿ! ಬಟ್ಟೆಯೊಳಗೆ ಕಾಳಿದ್ದರೆ ಹುಳು ಬರುತ್ತದೆ, ಒಂದಕ್ಕೆ ಬಂದದ್ದು ಪಕ್ಕದ ಹತ್ತಕ್ಕೆ ಹಬ್ಬುತ್ತದೆ. ಇದು ನಮ್ಮ ವಿದ್ಯೆಯ ಅ ಆ ಇ ಈ.

"ಮೇಡಂ, ಅಜ್ಜಿನ್ನ ಒಂದ ಮಾತ ಕೇಳೂಣೇನ್ರಿ?" ಅಂದಳು ಶ್ರುತಿ.

"ನುಸಿ ಹಿಡದ ಅಕ್ಕಿಗೂ ಪರ್ಮಿಶನ್ ಬೇಕೇನವಾ?" ಎಂದು ನಕ್ಕುಬಿಟ್ಟೆ.

ಕತ್ತರಿ ಹಿಡಿದವಳು ನಾನೇ. ನಡುವಿನ ಹೊಲಿಗೆಯನ್ನು ಎರಡು ಇಂಚು ಬಿಚ್ಚಿ, ಚಿಮಟದಿಂದ ಕಾಳು ಹೆಕ್ಕಿದೆವು. ಒಂದು ಹಿಡಿಯೂ ಇರಲಿಲ್ಲ. ಅದನ್ನು ಕವರಿಗೆ ಹಾಕಿ ಕಸದ ಗಾಡಿಗೆ ಕೊಟ್ಟಾಯಿತು. ಅದೇ ಬಣ್ಣದ ದಾರ ತಂದು, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮುಚ್ಚಿದೆ. ಹೊಲಿದವರಿಗೂ ಗೊತ್ತಾಗದಷ್ಟು ನಾಜೂಕಾಗಿತ್ತು. "ಅನ್ಯವಸ್ತು ತೆಗೆಯಲಾಗಿದೆ" ಎಂದು ರಿಪೋರ್ಟಿನಲ್ಲಿ ಬರೆಸಿ ಸಹಿ ಹಾಕಿದೆ.

ಪ್ರದರ್ಶನಕ್ಕೆ ಜನವೋ ಜನ. ಪೇಪರ್ ಮಿಲ್ ಕಡೆಯ ಮನೆಗಳ ಹೆಂಗಸರು ಬಂದು, ನಮ್ಮವ್ವನೂ ಹಿಂಗ ಹೊಲೀತಿದ್ಲು ಎಂದು ಗಂಟೆಗಟ್ಟಲೆ ನಿಂತರು. ಕೊನೆಯ ದಿನ ಅಜ್ಜಿಯೂ ಲೂಸಿಯೂ ಬಸ್ಸಿಗೆ ಬಂದರು. ಕವಂದಿಯನ್ನು ಗೋಡೆಯಿಂದಿಳಿಸಿ ಅಜ್ಜಿಯ ತೊಡೆಯ ಮೇಲಿಟ್ಟೆ. ಕಣ್ಣು ಕಾಣದವರು ಕೈಯಲ್ಲೇ ನೋಡತೊಡಗಿದರು. ಹೂವು ಮುಟ್ಟಿದರು, ಅಂಚು ಸವರಿದರು. ಅಂಗೈ ನಡುವಿಗೆ ಬಂದು ನಿಂತಿತು. ಒತ್ತಿದರು. ಮತ್ತೆ ಒತ್ತಿದರು.

"ಅಕ್ಕಾರ, ಇದರ ಹೊಟ್ಟ್ಯಾಗಿನ ಅಕ್ಕಿ ಎಲ್ಲೈತ್ರಿ?"

ನುಸಿ ಹಿಡಿದಿತ್ತು, ಬಟ್ಟೆ ಕೆಡುತ್ತಿತ್ತು ಎಂದು ಏನೇನೋ ಹೇಳಿದೆ. ಲೂಸಿ ಹೇಳಿದಳು: "ಕಡೀಕ ನಡುವ ಉಳದ ಜಾಗಾದಾಗ ಅಕ್ಕಿ ಹಾಕಿ ಮುಚ್ಚತೀವ್ರಿ. ಹೊಟ್ಟಿ ತುಂಬಸೂದು ಅಂತೀವಿ. ಹಸದ ಕವಂದಿ ಮ್ಯಾಲ ನಮ್ಮಜ್ಜಿ ಕೂಸಿನ್ನ ಮಲಗಸಂಗಿಲ್ರಿ."

ಒಂದು ಇಂಚಿಗೆ ಎಷ್ಟು ಹೊಲಿಗೆ ಎಂದು ಎಣಿಸಿದ್ದೆ, ಹೂವಿನ ಫೋಟೊ ತೆಗೆಸಿದ್ದೆ. ಒಳಗೆ ಏನಿಟ್ಟಿದ್ದೀರಿ ಎಂಬ ಒಂದು ಮಾತು ಕೇಳಿರಲಿಲ್ಲ. ಹೇಗಾದರೂ ಸರಿಮಾಡಬೇಕೆಂಬ ಗಡಿಬಿಡಿಯಲ್ಲಿ, "ಈಗ ಅಕ್ಕಿ ತರಸ್ತೀನಿ ಅಜ್ಜಿ, ಮತ್ತ ಎರಡ ಇಂಚು ಕೊಯ್ದು..." ಎಂದೆ.

ಅಜ್ಜಿ ಕೈಯೆತ್ತಿ ತಡೆದರು. "ಬಸರಿ ಹೆಂಗಸಿನ ಮುಂದ ಹೊಟ್ಟಿ ಕೊಯ್ಯೂ ಮಾತ ಆಡಬ್ಯಾಡ್ರಿ."

ಲೂಸಿಯ ಎರಡೂ ಕೈ ತನ್ನ ಹೊಟ್ಟೆಯನ್ನು ಮುಚ್ಚಿಕೊಂಡಿದ್ದವು. ಅಜ್ಜಿ ಕವಂದಿಯನ್ನು ಮಡಚಿ ನನ್ನ ಮುಂದಿಟ್ಟರು.

"ನಿಮಗ ಬಟ್ಟಿ ಅಷ್ಟ ಬೇಕಾಗಿತ್ತು. ಇಟಗೊಳ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಮೊಮ್ಮಗಳ ಭುಜ ಹಿಡಿದುಕೊಂಡು ಹಳಿಯಾಳದ ಬಸ್ಸಿಗೆ ನಡೆದರು. ಶ್ರುತಿ ಅತ್ತಳು. ನನಗೆ ಅಳುವೂ ಬರಲಿಲ್ಲ.

ಲೂಸಿಗೆ ಹೆಣ್ಣುಮಗು ಹುಟ್ಟಿತು. ಶ್ರುತಿ ಹೋಗಿ ನೋಡಿ ಬಂದಳು. ತಾಯಿ ಮಗು ಆರೋಗ್ಯವಾಗಿದ್ದಾರೆ, ಪೇಟೆಯಿಂದ ತಂದ ಟವೆಲ್ ಮೇಲೆ ಮಲಗಿಸಿದ್ದಾರೆ ಎಂದಳು. ನನಗೆ ಹೋಗಲು ಮುಖವಿರಲಿಲ್ಲ. ಉಳಿದ ಎರಡು ವರ್ಷ ನಾನು ಮಕ್ಕಳಿಗೆ ಕಲಿಸಿದ ಮೊದಲ ಪಾಠ ಒಂದೇ: ಕೆಟ್ಟದ್ದು ಯಾವುದು, ಕಸ ಯಾವುದು ಎಂದು ತೀರ್ಮಾನಿಸುವ ಹಕ್ಕು ಲೆನ್ಸ್ ಹಿಡಿದವರದಲ್ಲ, ಮೊದಲು ಮಾಡಿದವರನ್ನು ಕೇಳಿ.

ಕವಂದಿ ವಿಭಾಗದ ಸಂಗ್ರಹಕ್ಕೆ ಸೇರಿತು. ದಾಖಲಾತಿ ಪುಸ್ತಕದಲ್ಲಿ "ಹಾನಿಗೆ ಕಾರಣ" ಎಂದೊಂದು ಕಾಲಂ ಇದೆ. ಹುಳು, ತೇವ, ಬಿಸಿಲು ಎಂದೇ ಅದರಲ್ಲಿ ಬರೆಯುವ ರೂಢಿ. ಅಲ್ಲಿ ನಾನು ನನ್ನ ಹೆಸರು ಬರೆದೆ.