ಅಕ್ಕಾಸಾಹೇಬರ ಅಡ್ಮಿಶನ್

ಬರೆಸಿಬಿಟ್ಟೆ! ನನ್ನ ಮೊಮ್ಮಗಳ ಹೆಸರು ಶಾಲೆಯ ರಜಿಸ್ಟರಿನಲ್ಲಿ ಪೂರ್ತಿ ಬಂತು: ಅಕ್ಕಾಸಾಹೇಬ. ಒಂದಕ್ಷರವೂ ಕಡಿಮೆಯಿಲ್ಲ. ಶಹಾಪುರದ ನಮ್ಮ ಓಣಿಯಲ್ಲಿ ಕಂಡಕಂಡವರಿಗೆಲ್ಲ ಸಕ್ಕರೆ ಹಂಚಿದೆ (ರೇಶನ್ ಸಕ್ಕರೆಯೇ, ಆದರೇನು?). ಮಗ್ಗದ ಮೇಲೆ ಕುಳಿತವರನ್ನೂ ಬಿಡಲಿಲ್ಲ.

ಅಕ್ಕಾಸಾಹೇಬ ಅನ್ನುವುದು ಅರಸು ಮನೆತನದ ಮಾತು. ಹಿರಿಯ ಮಗಳನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಿದ್ದರು. ಖಾನಾಪುರದ ಕಡೆ ದೇಸಾಯರ ವಾಡೆಗಳಲ್ಲೂ ಅದೇ ರೂಢಿ. ಅಂಥದೊಂದು ವಾಡೆಯಲ್ಲಿ ಸಣ್ಣವಳಿದ್ದಾಗ ನಾನು ಕಸ ಹೊಡೆಯುತ್ತಿದ್ದೆ (ನನ್ನ ಓದು ಮೂರನೇ ಇಯತ್ತೆಗೆ ನಿಂತದ್ದು ಅದಕ್ಕೇ). ವಾಡೆಯ ಮಗಳಿಗೆ ಆರು ವರ್ಷ, ನನಗೆ ಹನ್ನೆರಡು. "ಅಕ್ಕಾಸಾಹೇಬ, ನೀರು ತರ್ಲೇನ್ರಿ?" ಎಂದು ನಾನು ಬಗ್ಗಿ ಕೇಳಬೇಕು. ಆಕೆ ನನ್ನನ್ನು "ಏ ಹುಡುಗಿ" ಎನ್ನುತ್ತಿದ್ದಳು. ಕೆಟ್ಟವಳಲ್ಲ ಪಾಪ. ನನ್ನ ಹೆಸರೇನೆಂದು ಆಕೆಗೆ ಯಾರೂ ಹೇಳಿರಲೇ ಇಲ್ಲ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಹಟ ಹಿಡಿದು, ಸೋದರತ್ತೆಯಿಂದ ಅದೇ ಹೆಸರನ್ನು ಕಿವಿಯಲ್ಲಿ ಹೇಳಿಸಿದೆ.

ಮೊನ್ನೆ ಅಡ್ಮಿಶನ್ನಿಗೆ ಹೋದರೆ ಮಾಸ್ತರರು ಪೆನ್ನು ಕೆಳಗಿಟ್ಟರು.

"ಆಯೀ, ಇದು ಪದವಿ, ಹೆಸರಲ್ಲ. ಅಕ್ಕವ್ವ ಅಂತ ಬರೀತೇನಿ."

ಜೊತೆಗೆ ಬಂದಿದ್ದ ನನ್ನ ಮಗ ಆಗಲೇ ತಲೆಯಾಡಿಸಿದ. "ಹೌದವ್ವಾ, ಹುಡುಗರು ನಗ್ತಾರ. ಬಿಡು."

ಬಿಡುವುದೆ? ರಜಿಸ್ಟರಿನಲ್ಲಿ ಬಿದ್ದ ಹೆಸರು ಸಾಯುವ ತನಕ ಬೆನ್ನು ಬಿಡುವುದಿಲ್ಲ. ಬೆಂಚಿನ ಮೇಲೆ ಕಾಲು ಮಡಚಿ ಕುಳಿತುಬಿಟ್ಟೆ.

"ಮಾಸ್ತರ್ರ, ಅದರಾಗ ಅಪ್ಪಾಸಾಹೇಬ ಎಷ್ಟ ಮಂದಿ ಅದಾರ ನೋಡ್ರಿ."

ಹಾಳೆ ತಿರುವಿದರು. "ಇಬ್ಬರು."

"ಬಾಳಾಸಾಹೇಬ?"

"ಒಬ್ಬ ಅದಾನ."

"ರಾವಸಾಹೇಬ?"

ಮಾಸ್ತರರು ಸುಮ್ಮನೆ ಬಾಗಿಲ ಕಡೆ ಕೈ ತೋರಿಸಿದರು. ಶಾಲೆಯ ಜವಾನ ಹಲ್ಲು ಕಿರಿಯುತ್ತ ನಿಂತಿದ್ದ. ಅವನೇ ರಾವಸಾಹೇಬ!

"ಗಂಡಸರಿಗೆ ಪದವಿ ಹೆಸರಾಗತೈತಿ. ಹೆಣ್ಣಿಗೆ ಯಾಕ ಆಗೂದಿಲ್ರಿ?"

"ಬರೀರಿ ಸರ," ಎಂದ ರಾವಸಾಹೇಬ. "ಆಯಿ ಏಳೂವಂಗ ಕಾಣೂದಿಲ್ಲ."

ಬರೆದರು.

ಅರಸರು ಹೋದರು, ಅವರ ಕುದುರೆಗಳು ಹೋದವು, ಮಾತು ಮಾತ್ರ ಉಳಿಯಿತು. ಉಳಿದದ್ದನ್ನು ನಮ್ಮಂಥವರು ಗಂಡು ಮಕ್ಕಳಿಗೆಂದು ಯಾವಾಗಲೋ ಎತ್ತಿಕೊಂಡಿದ್ದೇವೆ. ಹೆಣ್ಣುಮಗುವಿಗೆ ಕೊಡುವಾಗ ಮಾತ್ರ ಹಿಂದೆಮುಂದೆ ನೋಡುತ್ತೇವೆ, ಯಾಕೆ?

ಅಂದು ಸಂಜೆ ಗೋಧಿ ಹುಗ್ಗಿ ಮಾಡಿದೆವು. ಮಗ, ನಮ್ಮ ಯಜಮಾನರು, ಹುಡುಗಿ ತಾಟಿನ ಮುಂದೆ ಕುಳಿತರು. ನಾನೂ ಸೊಸೆಯೂ ಎಂದಿನಂತೆ ಬಡಿಸುತ್ತ ನಿಂತೆವು. ಯಜಮಾನರು ಚೇಷ್ಟೆಗೆ ಮೊಮ್ಮಗಳಿಗೆ ಕೈಮುಗಿದರು.

"ಅಕ್ಕಾಸಾಹೇಬ, ಉಣ್ಣಾಕ ಸುರು ಮಾಡೂಣೇನ್ರಿ?"

"ಬ್ಯಾಡ. ಆಯಿನೂ ಅವ್ವನೂ ಕುಂದರ್ಲಿ ಮೊದಲ," ಎಂದಳು ಹುಡುಗಿ, ನನ್ನನ್ನೂ ತನ್ನ ತಾಯಿಯನ್ನೂ ತೋರಿಸಿ.

ಯಜಮಾನರ ಕೈ ಅಲ್ಲೇ ನಿಂತಿತು. ಆಮೇಲೆ ಅವರೇ ಬಾಜೂಕ್ಕೆ ಸರಿದು ಜಾಗ ಬಿಟ್ಟರು. ಮದುವೆಯಾಗಿ ಬಂದಂದಿನಿಂದ ನಾನು ಈ ಮನೆಯಲ್ಲಿ ಬಿಸಿ ಹುಗ್ಗಿ ಉಂಡದ್ದು ಅದೇ ಮೊದಲು, ಎಲ್ಲರ ಜೊತೆ.

ನಿಮ್ಮ ಮನೆಯ ಅಕ್ಕಾಸಾಹೇಬರು ಇವತ್ತು ಎಷ್ಟನೇ ಪಂಕ್ತಿಗೆ ಕುಳಿತರು?